ಹೆಸರು ಬಾರದವರ ಮನೆಗೆ

ಪ್ರವೇಶದ ಚೀಟಿ ಎತ್ತಿದ ಮರುದಿನದಿಂದ ನೀಲಾಂಬಿಕಾ ಮೇಡಂ ಮನೆಮನೆ ತಿರುಗಲು ಹೊರಡುತ್ತಿದ್ದರು. ಹೆಸರು ಬಂದ ಮಕ್ಕಳ ಮನೆಗಲ್ಲ, ಬಾರದವರ ಮನೆಗೆ. ಸಂಜೆ ಐದಕ್ಕೆ ಶಾಲೆಗೆ ಬೀಗ ಹಾಕಿ, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಅರ್ಜಿಗಳ ಕಟ್ಟನ್ನು ಬಗಲಲ್ಲಿ ಹಿಡಿದು ಹೈದರಾಬಾದಿನ ಬಡವರ ಬಸ್ತಿಯ ಓಣಿಗಳಿಗೆ ಇಳಿಯುವರು. ಒಂದೊಂದು ಬಾಗಿಲಲ್ಲೂ ನಿಂತು, ವಿಜಯಪುರದ ನಾಲಿಗೆಯಿಂದ ಹೊರಡುತ್ತಿದ್ದ ತಮ್ಮ ಒರಟು ತೆಲುಗಿನಲ್ಲಿ, ನಿಮ್ಮ ಮಗುವಿನ ಹೆಸರು ಬರಲಿಲ್ಲ, ತಪ್ಪು ಮಗುವಿನದಲ್ಲ ಎಂದು ಹೇಳುವರು. ಕೆಲವರು ಕೂರಿಸಿ ಚಹಾ ಕೊಡುವರು. ಕೆಲವರು ಬಾಗಿಲು ಹಾಕಿಕೊಳ್ಳುವರು. ಒಬ್ಬ ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡು ಅತ್ತದ್ದನ್ನು ನಾನೇ ಕಂಡಿದ್ದೇನೆ. ಮೂವತ್ತು ಸೀಟಿಗೆ ನೂರರ ಮೇಲೆ ಅರ್ಜಿ ಬರುತ್ತಿದ್ದವು. ಈ ತಿರುಗಾಟ ಮುಗಿಯಲು ಮೂರು ವಾರ ಹಿಡಿಯುತ್ತಿತ್ತು.

"ಗೇಟಿಗೆ ಒಂದು ಪಟ್ಟಿ ಹಚ್ಚಿದ್ರ ಸಾಕಲ್ರಿ ಮೇಡಂ" ಎಂದು ಒಮ್ಮೆ ಅಂದೆ.

"ಹೆಸರು ಬಂದವರ ಮನಿಗೆ ಯಾರರ ಹೋಗಲಿ, ಪೇಢೆ ಸಿಗತಾವ. ಇಲ್ಲ ಅನ್ನೋದನ್ನ ಮಾತ್ರ ಸಾಲಿ ತಗದಾಕೀನ ಹೋಗಿ ಹೇಳಬೇಕು ಮಾಸ್ತರ" ಎಂದರು.

ನಾನು ರಾಯಚೂರಿನ ಕಡೆಯವನು. ಬಿ.ಎಡ್. ಮಾಡಲು ಹೈದರಾಬಾದಿಗೆ ಬಂದು ಅವರ ವಿದ್ಯಾರ್ಥಿಯಾದೆ, ಆಮೇಲೆ ಅವರ ಶಾಲೆಯಲ್ಲೇ ಗಣಿತದ ಮಾಸ್ತರನಾದೆ. ಇಪ್ಪತ್ತು ವರ್ಷ ಅವರು ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಲ್ಲಿ, ಮಕ್ಕಳಿಗೆ ಹೇಗೆ ಕಲಿಸಬೇಕೆಂದು ದೊಡ್ಡವರಿಗೆ ಕಲಿಸಿದವರು. "ಈಸಾಕ ಕಲಿಸಾಕತ್ತೀವಿ, ಬಾವಿನ ಇಲ್ಲ" ಎಂದು ತರಗತಿಯಲ್ಲೇ ಬೇಸರಪಡುತ್ತಿದ್ದರು. ಕೊನೆಗೆ ಬಾವಿ ತೋಡಲು ತಾವೇ ಹೊರಟರು. ಎರಡು ವರ್ಷ ಕಡತ ಹಿಡಿದು ಅಲೆದು ಒಂದು ಕರಾರು ಮಾಡಿಸಿಕೊಂಡರು. ಕಟ್ಟಡ, ಹೆಸರು, ಶಿಕ್ಷಕರ ಸಂಬಳ ವಿಶ್ವವಿದ್ಯಾಲಯದ್ದು. ಏನನ್ನು, ಹೇಗೆ ಕಲಿಸಬೇಕೆಂಬುದು ಶಾಲೆಗೆ ಬಿಟ್ಟದ್ದು. ಫೀಸು ಇಲ್ಲ. ಪ್ರಾಧ್ಯಾಪಕರ ಮಗುವಾಗಲಿ, ಅವರ ಕಾರಿಡಾರು ಗುಡಿಸುವವರ ಮಗುವಾಗಲಿ, ಪ್ರವೇಶ ಚೀಟಿ ಎತ್ತಿಯೇ. ಐದು ವರ್ಷಕ್ಕೊಮ್ಮೆ ಸಮಿತಿ ಬಂದು ನೋಡಿ, ಸರಿ ಎನಿಸಿದರೆ ಕರಾರು ಮುಂದುವರಿಸಬೇಕು.

ಕೊಟ್ಟ ಕಟ್ಟಡ ಹಳೆಯ ಹಾಸ್ಟೆಲಿನ ಮೆಸ್ಸು. ಮೊದಲ ವರ್ಷವಿಡೀ ಗೋಡೆಗಳಿಂದ ಬೇಳೆ ಸಾರಿನ ವಾಸನೆ ಹೋಗಲಿಲ್ಲ. ಹನ್ನೊಂದು ಗಂಟೆಗೇ ಮಕ್ಕಳಿಗೆ ಹಸಿವಾಗುತ್ತಿತ್ತು. ಅದಕ್ಕೆ ಮೇಡಂ ಊಟದ ಬಿಡುವನ್ನೇ ಬೇಗ ಮಾಡಿ ಹನ್ನೊಂದೂವರೆಗೆ ಇಟ್ಟರು.

ಪಾಠದ ಅಭ್ಯಾಸಕ್ಕೆ ಬರುತ್ತಿದ್ದ ಬಿ.ಎಡ್. ವಿದ್ಯಾರ್ಥಿಗಳು ಅವರನ್ನು ಕಂಡರೆ ನಡುಗುತ್ತಿದ್ದರು. ಬಣ್ಣಬಣ್ಣದ ಚಾರ್ಟು ಹೊತ್ತು ಬಂದವರಿಂದ ಅದನ್ನು ಬಾಗಿಲಲ್ಲೇ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವರು. "ಇವು ಗ್ವಾಡಿಗೆ ಪಾಠ ಮಾಡತಾವ, ಹುಡುಗರಿಗಲ್ಲ. ಹೋಗಿ ಬೆಂಚಿನ ಮ್ಯಾಲೆ ಹುಡುಗರ ಮಗ್ಗಲಾಗ ಕುಂಡ್ರು. ಅವರಿಗೇನು ತಿಳಿವಲ್ದು ಅನ್ನೋದು ನಿನಗ ತಿಳೀಲಿ ಮೊದಲ." ನನ್ನನ್ನೂ ಹಾಗೆಯೇ ನಾಲ್ಕು ದಿನ ಎರಡನೆಯ ತರಗತಿಯ ಬೆಂಚಿನಲ್ಲಿ ಕೂರಿಸಿದ್ದರು. ಮೊಣಕಾಲು ಎದೆಗೆ ತಾಗುತ್ತಿತ್ತು. ಹತ್ತಿರ ಕೂತ ಹುಡುಗ ಹದಿನೇಳರಿಂದ ಒಂಬತ್ತು ಕಳೆಯಲು ಬೆಂಚಿನಡಿಯಲ್ಲಿ ಕಾಲ್ಬೆರಳನ್ನೂ ಎಣಿಸುವುದನ್ನು ನಾನು ಕಂಡದ್ದು ಅಲ್ಲಿಂದಲೇ.

ಕಚೇರಿಗಳ ಜೊತೆ ಅವರ ಜಗಳಗಳೂ ಒಂದು ತರಹದ ಪಾಠಗಳೇ. ಎರಡನೆಯ ವರ್ಷ ಶಾಲೆಯ ನಲ್ಲಿಗಳೆಲ್ಲ ಕೆಟ್ಟವು. ಎಂಜಿನಿಯರಿಂಗ್ ಸೆಕ್ಷನ್ನಿಗೆ ಐದು ಪತ್ರ ಬರೆದದ್ದಾಯಿತು. ಆರನೆಯ ಪತ್ರ ಬರೆಯಲಿಲ್ಲ. ಊಟದ ಹೊತ್ತಿಗೆ ಒಂದನೆಯ ತರಗತಿಯ ಮೂವತ್ತೂ ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಆ ಸಾಹೇಬರ ಕೋಣೆಗೇ ಹೋದರು. ಅವರ ವಾಷ್ ಬೇಸಿನ್ನಿನಲ್ಲಿ ಒಬ್ಬೊಬ್ಬರಾಗಿ ಕೈ ತೊಳೆಸಿದರು. "ಸಾಬ್, ಊಟಕ್ಕೆ ಮುಂಚೆ ಕೈ ತೊಳೀರಿ ಅಂತ ಕಲಿಸಿದ್ದು ನಾವೇ. ಅಬ್ ಕ್ಯಾ ಕರ್ನಾ, ಈಗೇನು ಮಾಡೋದು?" ಎಂದು ಹಿಂದಿಯಲ್ಲಿ ಬಹಳ ವಿನಯದಿಂದ ಕೇಳಿದರು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಶಾಲೆಯ ನಲ್ಲಿಗಳಲ್ಲಿ ನೀರು ಬರುತ್ತಿತ್ತು.

ನನಗೆ ಅವರ ಮೇಲೆ ಸಿಟ್ಟು ಬಂದದ್ದು ಒಂದೇ ಸಲ.

ನಾರಾಯಣಗೂಡದಲ್ಲಿ ನಾನು ಬಾಡಿಗೆಗಿದ್ದ ಓಣಿಯ ಮೂಲೆಯಲ್ಲಿ ಮಲ್ಲೇಶ ಎಂಬಾತನ ಇಸ್ತ್ರಿ ಬಂಡಿ ಇತ್ತು. ಅವನ ಮಗಳು ಭಾರ್ಗವಿ. ಬಂಡಿಯ ಕೆಳಗೆ ಕೂತು, ಇಸ್ತ್ರಿಗೆ ಬಂದ ಬಟ್ಟೆಗಳನ್ನು ಮನೆವಾರು ಎಣಿಸಿ ಗಂಟು ಕಟ್ಟುವುದು ಅವಳ ಕೆಲಸ. ಒಂದು ಶರ್ಟೂ ತಪ್ಪುತ್ತಿರಲಿಲ್ಲ. ಒಂದನೆಯ ತರಗತಿಗೆ ಏಳನೆಯ ವಯಸ್ಸಿನವರೆಗೆ ಅರ್ಜಿ ಹಾಕಬಹುದಿತ್ತು. ಐದನೆಯ ವಯಸ್ಸಿನಲ್ಲಿ ಹಾಕಿದಳು, ಹೆಸರು ಬರಲಿಲ್ಲ. ಆರರಲ್ಲಿ ಹಾಕಿದಳು, ಬರಲಿಲ್ಲ. ಮೂರನೆಯ ವರ್ಷ, ಅಂದರೆ ಕೊನೆಯ ಅವಕಾಶದಲ್ಲಿ, ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅವಳ ಹೆಸರನ್ನು ಎರಡು ಚೀಟಿಯಲ್ಲಿ ಬರೆದೆ.

ಅಲ್ಲಿಯವರೆಗೆ ಚೀಟಿ ಎತ್ತುವಾಗ ನಾನು ಹಾಲಿನಲ್ಲಿ ಇದ್ದವನಲ್ಲ, ಮೇಡಂ ಎತ್ತುವ ಮೊದಲು ಚೀಟಿ ಎಣಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ತಂದೆತಾಯಿಯರು ಕಿಕ್ಕಿರಿದು ಕೂತಿದ್ದ ಹಾಲಿನಲ್ಲಿ, ಮೇಜಿನ ಮೇಲೆ ತಾಮ್ರದ ಕೊಡವನ್ನು ಬೋರಲು ಹಾಕಿ ಒಂದೊಂದೇ ಎಣಿಸಿದರು. ಒಂದು ಹೆಚ್ಚಿಗೆ ಬಂತು. ಮತ್ತೆ ಎಣಿಸಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಎಲ್ಲ ಚೀಟಿಗಳನ್ನೂ ಬಿಚ್ಚಿ, ಎರಡು ಭಾರ್ಗವಿಗಳಲ್ಲಿ ಒಂದನ್ನು ಹರಿದರು. "ಲೆಕ್ಕದಲ್ಲಿ ನನ್ನ ತಪ್ಪಾಗಿತ್ತು, ಕ್ಷಮಿಸಬೇಕು" ಎಂದು ತೆಲುಗಿನಲ್ಲಿ ಎಲ್ಲರಿಗೂ ಕೈ ಮುಗಿದರು. ಚೀಟಿ ಎತ್ತಿದ್ದಾಯಿತು. ಮೂವತ್ತು ಹೆಸರು ಬಂದವು, ಭಾರ್ಗವಿಯದು ಬರಲಿಲ್ಲ.

ಜನ ಕರಗಿದ ಮೇಲೆ, ಮರುದಿನಕ್ಕೆ ಕಾಯದೆ, "ನಡಿ, ಮೊದಲ ಆ ಮನಿಗೇ ಹೋಗೂಣು" ಎಂದರು.

ಮಲ್ಲೇಶ ಆಗಲೇ ಬಂಡಿಗೆ ಮರಳಿದ್ದ. ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನಮಗೆ ಸ್ಟೂಲು ಕೊಟ್ಟ. ಮೇಡಂ ಕೂರಲಿಲ್ಲ. ನಿಂತೇ, ಎಲ್ಲರಿಗೂ ಹೇಳುವ ಮಾತನ್ನು ಹೇಳಿದರು. ಅವನು, "ಇಂಕ ರಾದಾ ಮೇಡಂ?" ಎಂದು ಕೇಳಿದ. ಇನ್ನು ಬರುವುದೇ ಇಲ್ಲವೇ ಎಂದು. ಮೇಡಂ ಇಲ್ಲವೆಂದು ತಲೆಯಾಡಿಸಿದರು. ಹುಡುಗಿ ಬಟ್ಟೆ ಎಣಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಈ ಸಲ ಖಂಡಿತ ಬರುತ್ತದೆ ಎಂದು ಹಿಂದಿನ ದಿನ ಅವಳಿಗೆ ನಾನೇ ಹೇಳಿದ್ದೆ.

ಹಿಂದಿರುಗುವಾಗ ನಾನು ಸುಮ್ಮನಿರಲಿಲ್ಲ. "ಒಂದು ಕೂಸಿಗೆ ಸೀಟು ಸಿಕ್ಕಿದ್ರ ನಿಮ್ಮ ಸಾಲಿ ಮುಳುಗತಿತ್ತೇನ್ರಿ?" ಎಂದುಬಿಟ್ಟೆ.

ಅವರು ಸ್ವಲ್ಪ ದೂರ ನಡೆದರು. "ನಿನಗ ಆ ಹುಡಿಗಿ ಕಂಡಳು. ಆಕೀ ಎರಡನೇ ಚೀಟಿ ಬಂದು ಹೊರಗ ಹೋಗೋ ಕೂಸು ಯಾವುದು, ಕಂಡಿತ್ತೇನು?" ಎಂದರು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ನನಗಲ್ಲ ಎನ್ನುವ ಹಾಗೆ ಹೇಳಿದರು: "ನನಗೂ ಭಾಳ ಅನಸ್ತೈತಿ ತಮ್ಮಾ. ಪ್ರತಿ ವರ್ಷ ಒಂದ್ಯಾವುದರ ಕೂಸಿನ ಹೆಸರು ಕೊಡದಾಗ ಕೈ ಹಾಕಿ ಹುಡುಕಲೇನು ಅನಸ್ತೈತಿ. ಏನ ಮಾಡಲಿ, ಮೂವತ್ತ ಸೀಟು ಅದಾವ."

ತಮ್ಮಾ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಎರಡು ಸಲ ಸಮಿತಿ ಬಂದು ಹೋಗಿ ಕರಾರು ಮುಂದುವರಿಯಿತು. ಮೂರನೆಯ ಸಲದ ಹೊತ್ತಿಗೆ ವಿಶ್ವವಿದ್ಯಾಲಯದ ಮೇಲಿನ ಕುರ್ಚಿಗಳಲ್ಲೆಲ್ಲ ಹೊಸಬರಿದ್ದರು. ಪ್ರವೇಶದ ಕಾಲಕ್ಕೆ ಅಲ್ಲಿಂದ ಮುಚ್ಚಿದ ಲಕೋಟೆಯಲ್ಲಿ, ಚೀಟಿಯಿಲ್ಲದೆ ಸೇರಿಸಿಕೊಳ್ಳಬೇಕಾದ ಹನ್ನೊಂದು ಮಕ್ಕಳ ಹೆಸರು ಬಂತು, ಕೆಳಗೆ ಸಹಿ ಇರಲಿಲ್ಲ. ಮೇಡಂ ಅದೇ ಲಕೋಟೆಯಲ್ಲಿ ಹನ್ನೊಂದು ಖಾಲಿ ಅರ್ಜಿ ನಮೂನೆ ಇಟ್ಟು ಹಿಂದಕ್ಕೆ ಕಳಿಸಿದರು. ನಾವೆಲ್ಲ ಸ್ಟಾಫ್ ರೂಮಿನಲ್ಲಿ ನಕ್ಕೆವು. ಅವರು ನಗಲಿಲ್ಲ.

ಆ ವರ್ಷದ ಸಮಿತಿ ಯಾವ ತರಗತಿಗೂ ಕಾಲಿಡಲಿಲ್ಲ. ಟೇಪು ಹಿಡಿದು ಕಟ್ಟಡವನ್ನು ಅಳೆದುಕೊಂಡು ಹೋಯಿತು. ಎರಡು ತಿಂಗಳ ಮೇಲೆ, ಕರಾರು ಮುಂದುವರಿಸಲಾಗದು, ಆ ಜಾಗದಲ್ಲಿ ಫೀಸಿನ ಹೊಸ ಶಾಲೆ ಬರುತ್ತದೆ ಎಂಬ ಕಾಗದ ಬಂತು. ಮೇಡಂ ವಕೀಲರ ಹತ್ತಿರ ಹೋದರು. ವಕೀಲರು ಕರಾರಿನ ಕೊನೆಯ ಪುಟವನ್ನು ಎರಡು ಸಲ ಓದಿ, ಮುಂದುವರಿಸುವುದು ಬಿಡುವುದು ಅವರ ಇಷ್ಟ ಎಂದು ಬರೆದಿದೆಯಲ್ಲ ಅಮ್ಮಾ ಎಂದರು. ಪಾಲಕರು ಗೇಟಿನ ಮುಂದೆ ಧರಣಿ ಕೂತರು. ಮೊದಲ ದಿನ ಎಂಬತ್ತು ಜನ, ಎರಡನೆಯ ದಿನ ಮೂವತ್ತು. ಮೂರನೆಯ ದಿನ ನಾಲ್ಕು ಜನ ತಾಯಂದಿರು, ಮತ್ತು ಮೇಡಂ. ದಿನಗೂಲಿಯವರು ಎಷ್ಟು ದಿನ ಕೂರಬಲ್ಲರು? "ಹೋಗ್ರವಾ, ಕೆಲಸಕ್ಕ ಹೋಗ್ರಿ" ಎಂದು ಮೇಡಂ ಅವರನ್ನು ತಾವೇ ಎಬ್ಬಿಸಿ ಕಳಿಸಿದರು. ಭಾಷೆ ತಿಳಿಯದಿದ್ದರೂ ಅವರು ಎದ್ದು ಹೋದರು.

ಆಮೇಲೆ ಒಂದು ವಾರ ರಿಜಿಸ್ಟ್ರಾರರ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬರೇ ಕೂತರು. ಒಳಗೆ ಕರೆಯಲಿಲ್ಲ. ಎಂಟನೆಯ ದಿನ ಗುಮಾಸ್ತನ ಕೈಯಲ್ಲಿ ಒಂದು ಸಾಲಿನ ಆದೇಶ ಸಿಕ್ಕಿತು: ಈಗಿರುವ ಮಕ್ಕಳು ಐದನೆಯ ತರಗತಿ ಮುಗಿಸುವವರೆಗೆ ಫೀಸಿಲ್ಲದೆ ಮುಂದುವರಿಯಬಹುದು. ಅಷ್ಟೂ ವರ್ಷಗಳ ಶಾಲೆಯಿಂದ ಅವರು ಉಳಿಸಿಕೊಂಡದ್ದು ಆ ಒಂದು ಸಾಲು.

ಹೊಸ ಶಾಲೆಗೆ ನಮ್ಮನ್ನು ಉಳಿಸಿಕೊಂಡು ಮೇಡಂ ಒಬ್ಬರನ್ನು ಬಿಟ್ಟಿದ್ದರು. ನಾನು ರಾಜೀನಾಮೆ ಬರೆದುಕೊಂಡು ಅವರ ಹತ್ತಿರ ಹೋಗಿದ್ದೆ. ಓದಿ ಮಡಿಚಿ ನನ್ನ ಜೇಬಿಗೇ ಇಟ್ಟರು. "ನೀ ಬಿಟ್ಟು ಬಂದ್ರ ನನಗ ಛಲೋ ಅನಸ್ತೈತಿ. ಆ ಹುಡುಗರಿಗೆ ಏನ ಬಂತು? ನೀ ಅಲ್ಲೇ ಇರು. ನನ್ನ ಹೆಸರು ಮಾತ್ರ ಎತ್ತಬ್ಯಾಡ, ನಿನಗ ತ್ರಾಸ ಕೊಡತಾರ." ನಾನು ಉಳಿದೆ. ಅವರನ್ನು ಹೊರಗೆ ಹಾಕಿದವರ ಕೈಯಿಂದಲೇ ಪ್ರತಿ ತಿಂಗಳೂ ಸಂಬಳ ತೆಗೆದುಕೊಂಡೆ. ಇವತ್ತಿಗೂ ತೆಗೆದುಕೊಳ್ಳುತ್ತಿದ್ದೇನೆ.

ಅವರನ್ನು ಕೊನೆಯ ಸಲ ಕಂಡದ್ದು ಅಬಿಡ್ಸ್‌ನಲ್ಲಿ, ಒಂದು ಭಾನುವಾರ, ಫುಟ್‌ಪಾತಿನ ಹಳೆ ಪುಸ್ತಕಗಳ ಸಾಲಿನಲ್ಲಿ. ಕೊಂಡಾಪುರದ ಮಗಳ ಮನೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಬಹಳ ಸೊರಗಿದ್ದರು. ಸೊಂಟದಲ್ಲಿ ಕೀಲಿಗೊಂಚಲಿರಲಿಲ್ಲ. ಅಲ್ಲೇ ನಿಂತು ಒಂದೊಂದೇ ಮಗುವಿನ ಹೆಸರು ಹಿಡಿದು ಕೇಳಿದರು. ಸಮೀರ ಓದ್ತಾನೇನು? ಲಕ್ಷ್ಮಿಯ ಕೆಮ್ಮು ಹೋತೇನು? ಹೊಸ ಶಾಲೆಯ ಬೂಟು, ಬ್ಲೇಜರು, ಇಂಗ್ಲಿಷಿನಲ್ಲೇ ನಡೆಯುವ ಪಾಲಕರ ಸಭೆ, ಇವುಗಳ ನಡುವೆ ನಿಲ್ಲಲಾರದೆ ಅರ್ಧಕ್ಕರ್ಧ ಮಕ್ಕಳು ಆಗಲೇ ಬಿಟ್ಟುಹೋಗಿದ್ದರು.

"ಎಲ್ಲಾರೂ ಅದಾರ್ರಿ ಮೇಡಂ" ಎಂದೆ.

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. "ಹೌದೇನು. ಛಲೋ ಆತು" ಎಂದರು. ಬಿಟ್ಟವರ ಮನೆಗಳಿಗೆ ನೀನು ಹೋಗಿದ್ದೆಯಾ ಎಂದು ಕೇಳಿಬಿಡುತ್ತಾರೇನೋ ಎಂದು ನಾನು ಹೆದರಿದ್ದೆ. ಕೇಳಲಿಲ್ಲ. ನಾನು ಹೋಗಿರಲಿಲ್ಲ.

ಈ ವರ್ಷ ಪರೀಕ್ಷೆಗಳು ಮುಗಿಯುವ ವಾರ, ವಿಜಯಪುರದ ಅಣ್ಣನ ಮನೆಯಲ್ಲಿ ಅವರು ತೀರಿಕೊಂಡರೆಂದು ಮಗಳು ಫೋನು ಮಾಡಿದರು. ಮಣ್ಣಾದ ಮೇಲೆ ತಿಳಿದ ಸುದ್ದಿ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಪ್ರಾರ್ಥನೆಯಲ್ಲಿ ಒಂದು ನಿಮಿಷ ಮೌನಕ್ಕೆ ಅವಕಾಶ ಕೊಡಬೇಕೆಂದು ಕೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರೇನಲ್ಲ. ಯಾರವರು ಎಂದು ಕೇಳಿದರು. ಈ ಶಾಲೆ ಶುರು ಮಾಡಿದವರು ಎಂದೆ.

"ನಮ್ಮ ಶಾಲೆ ಶುರುವಾಗಿ ಮೂರೇ ವರ್ಷ ಅಲ್ಲವೇ ಸರ್?" ಎಂದು ನಿಜವಾಗಿಯೂ ಗೊಂದಲಪಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡ ಮೇಲೆ, ಇದನ್ನು ನಾನೊಬ್ಬಳೇ ತೀರ್ಮಾನಿಸುವಂತಿಲ್ಲ, ಒಂದು ಅರ್ಜಿ ಬರೆದುಕೊಡಿ, ಮೇಲಕ್ಕೆ ಕಳಿಸುತ್ತೇನೆ ಎಂದರು. ಬರೆದುಕೊಟ್ಟೆ. ಗಂಟೆ ಹೊಡೆಯಿತು. ಮಕ್ಕಳು ಪ್ರಾರ್ಥನೆ ಮುಗಿಸಿ ತರಗತಿಗೆ ನಡೆದರು. ನಾನೂ ಹೋಗಿ ಹಾಜರಿ ಕರೆದೆ.

ಅನುಮತಿ ಬಂದದ್ದು ಹದಿನೆಂಟು ದಿನದ ಮೇಲೆ. ಮುಂದಿನ ಪ್ರಾರ್ಥನೆಯಲ್ಲಿ ಒಂದು ನಿಮಿಷಕ್ಕೆ ಮೀರದಂತೆ ಮೌನ ಆಚರಿಸಬಹುದು ಎಂದಿತ್ತು. ಅಷ್ಟರಲ್ಲಿ ಬೇಸಿಗೆ ರಜೆ ಶುರುವಾಗಿ ನಾಲ್ಕು ದಿನವಾಗಿತ್ತು. ಅಂಕಪಟ್ಟಿ ಬರೆಯಲು ನಾನೊಬ್ಬನೇ ಶಾಲೆಗೆ ಬಂದಿದ್ದೆ. ಜವಾನ ತಂದ ಕಾಗದಕ್ಕೆ ಸಹಿ ಮಾಡಿ ತೆಗೆದುಕೊಂಡು ಹೊರಗೆ ಬಂದು ನಿಂತೆ. ಮೈದಾನದಲ್ಲಿ ಒಬ್ಬರೂ ಇರಲಿಲ್ಲ.