ನಲವತ್ತರ ಮುಳ್ಳು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮೊಸರನ್ನ ಕಲಸುವಾಗ ಎದ್ದು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಕಾರಿನ ಎಂಜಿನ್ನಿಂದ ಅಳತೆ ಕಡ್ಡಿ ಎಳೆದು, ಅದಕ್ಕಂಟಿದ ಆಯಿಲನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡುವುದು ಅವರ ಅಭ್ಯಾಸ.

ಹೊಸದುರ್ಗದಲ್ಲಿ ಅವರದು ಕೊಬ್ಬರಿ ವ್ಯಾಪಾರ. ನಾನು ಸೊಸೆಯಾಗಿ ಬರುವುದಕ್ಕೆ ಎಷ್ಟೋ ಮುಂಚೆ ಆ ಮನೆಗೆ ಕೆನೆಬಣ್ಣದ ಅಂಬಾಸಿಡರ್ ಬಂದಿತ್ತು. ಅದೇ ಕಾಲಕ್ಕೆ ಊರಿನವರು ಕೊಂಡ ಕಾರುಗಳೆಲ್ಲ ಗುಜರಿಗೆ ಹೋದರೂ ಇದು ಮಾತ್ರ ಬೀಗದ ಕೈ ತಿರುಗಿಸಿದ ಕೂಡಲೇ ಎದ್ದು ನಿಲ್ಲುತ್ತಿತ್ತು.

"ಏನ್ ಮಾಡ್ತೀರಿ ಯಜಮಾನ್ರೇ ಇದಕ್ಕೆ? ಹಾಲು ತುಪ್ಪ ಹಾಕ್ತೀರೋ?" ಎಂದು ಯಾರಾದರೂ ಕೇಳಿದರೆ ಮಾವ ನಗುತ್ತಿದ್ದರು.

"ಕಂಪನಿ ಅರ್ಧ, ಸಾಕೋನು ಅರ್ಧ ಕಣಪ್ಪ. ಗಾಡಿ ಕೆಡೋಕ್ ಮುಂಚೆ ಹೇಳ್ತೈತೆ. ಕೇಳೋ ಕಿವಿ ಬೇಕು."

ಆ ಕಿವಿ ಅವರಿಗಿತ್ತು. ತಣ್ಣಗಿರುವ ಎಂಜಿನ್ನನ್ನು ಎಂದೂ ಓಡಿಸಿದವರಲ್ಲ. ನಾವೆಲ್ಲ ಒಳಗೆ ಕೂತು ಬೆವರುತ್ತಿದ್ದರೂ ಅದು ಹದಕ್ಕೆ ಬರುವವರೆಗೆ ಕಾಯುತ್ತಿದ್ದರು. ಏರು ಬಂದರೆ ನಮ್ಮನ್ನು ಇಳಿಸಿ ನಡೆಸುತ್ತಿದ್ದರು. ಕಾರು ಒರೆಸುವುದಕ್ಕೆ ಹತ್ತಿ ಬಟ್ಟೆಯೇ ಆಗಬೇಕು, ಅದೂ ನೀರಿಗೆ ಬಿದ್ದು ಮೆತ್ತಗಾದ ಹತ್ತಿ. ಹಾಗಾಗಿ ಅತ್ತೆಯ ಸೀರೆಗಳು. ಕೆಲವು ಇನ್ನೂ ಉಡುವಂತಿರುತ್ತಿದ್ದವು. ಒಮ್ಮೆ ಅವರ ತವರಿನವರು ಕೊಟ್ಟಿದ್ದ ಹಸಿರು ಸೀರೆ, ಸಣ್ಣ ಜರಿ ಅಂಚಿನದು, ನಾಲ್ಕು ತುಂಡಾಗಿ ಕಾರಿನ ಬಾನೆಟ್ ಮೇಲೆ ಬಿದ್ದಿತ್ತು. ಅತ್ತೆ ಸಂಜೆ ಆ ತುಂಡುಗಳನ್ನು ಒಗೆದು, ಸೀರೆ ಒಣಗಿಸುವ ಹಗ್ಗದ ಮೇಲೆಯೇ ಹರವಿದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಮಾವನಿಗೆ ಎಂಜಿನ್ನಿನಲ್ಲಿ ಏನೋ ಸಣ್ಣ ಸದ್ದು ಕೇಳಿಸಿತು. ನಮಗೆ ಯಾರಿಗೂ ಕೇಳಿಸಲಿಲ್ಲ. ಅದೇ ವಾರ ಒಗೆಯುವ ಕಲ್ಲಿನ ಬಳಿ ಬಟ್ಟೆ ಹಿಂಡುತ್ತಿದ್ದ ಅತ್ತೆ, "ಏನ್ರಿ, ಬಲಗೈ ಯಾಕೋ ಜೋಮು ಹಿಡಿತೈತೆ, ಬಟ್ಟೆ ಜಾರ್ತೈತೆ" ಎಂದರು.

"ಬಿಸಿಲಿಗಿರ್ಬೇಕು. ಸ್ವಲ್ಪ ಹೊತ್ತು ಕುಂತ್ಕ, ಹೋಗ್ತೈತೆ" ಎಂದ ಮಾವ, ಕಾರನ್ನು ಚಿತ್ರದುರ್ಗದ ಗ್ಯಾರೇಜಿಗೆ ಒಯ್ದರು. ಎಂಜಿನ್ ಬಿಚ್ಚಿಸಿ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಪಿಸ್ಟನ್ನಿಗೆ ಹೊಸ ರಿಂಗು ಹಾಕಿಸಿಕೊಂಡು ಬಂದರು. ಹೊಸ ರಿಂಗು ಹೊಂದಿಕೊಳ್ಳುವವರೆಗೆ ನಲವತ್ತರ ಮೇಲೆ ಓಡಿಸಬಾರದಂತೆ.

ಕಾರು ಬಂದ ಮರುದಿನವೇ ಅತ್ತೆ ಹಿತ್ತಲಲ್ಲಿ ಕುಸಿದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಊರಿನ ಡಾಕ್ಟರು ನೋಡಿ, "ಚಿತ್ರದುರ್ಗಕ್ಕೆ ಹೊರಡ್ರಿ, ತಡ ಮಾಡಬ್ಯಾಡ್ರಿ" ಎಂದರು. ನನ್ನ ಗಂಡ ಹಿರಿಯೂರಿನಲ್ಲಿ ಕೆಲಸದ ಮೇಲಿದ್ದರು. ಟ್ಯಾಕ್ಸಿ ಕರೆಸೋಣವೇ ಎಂದೆ.

"ಮನೇಲಿ ಗಾಡಿ ಇಟ್ಕಂಡು ಬಾಡಿಗೆ ಗಾಡಿನಾ?"

ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಎಂಜಿನ್ ಬಿಸಿಯಾಗುವವರೆಗೆ ಮನೆಯ ಮುಂದೆಯೇ ಕಾದೆವು. ಆಮೇಲೆ ಹೊರಟೆವು. ಹೊಳಲ್ಕೆರೆ ದಾಟುವವರೆಗೆ ನಾನು ಕಾರಿನ ವೇಗ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. ಅದು ನಲವತ್ತರ ಆಚೆಗೆ ಹೋಗಲೇ ಇಲ್ಲ. ಕುರಿ ತುಂಬಿದ ಟೆಂಪೋ ಕೂಡ ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಕುರಿಗಳು ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದವು.

"ಮಾವಾ, ಸ್ವಲ್ಪ ಜೋರಾಗಿ..."

"ಹೊಸ ಬೋರ್ ಕಣಮ್ಮ, ಎಳೀಬಾರ್ದು. ಎಂಜಿನ್ ಜಾಮ್ ಆಗಿ ನಡುದಾರೀಲಿ ನಿಂತ್ರೆ ಏನ್ ಮಾಡ್ತೀಯ?"

ಅತ್ತೆಯ ಕಣ್ಣು ತೆರೆದೇ ಇತ್ತು. ಕೇಳಿಸಿಕೊಂಡರು.

"ಇನ್ನೊಂದು ಸ್ವಲ್ಪ ಬೇಗ ಬಂದಿದ್ದರೆ ಮಾತಾದರೂ ಉಳಿಯುತ್ತಿತ್ತೇನೋ" ಎಂದರು ಚಿತ್ರದುರ್ಗದ ಡಾಕ್ಟರು. ಅತ್ತೆ ಬದುಕಿದರು. ಬಲಭಾಗವೂ ಮಾತೂ ಹೋದವು. ನಡುಮನೆಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸುತ್ತಿದ್ದೆವು. ಬೆಳಿಗ್ಗೆ ಮಾವ ಕಾರು ಶುರು ಮಾಡಿದ ಸದ್ದು ಬಂದೊಡನೆ ಅತ್ತೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಮಾವ ಅದನ್ನು ನೋಡಿದ್ದರೋ ಇಲ್ಲವೋ, ನನಗೆ ತಿಳಿಯದು. ನೋಡಲು ಬಂದವರಿಗೆಲ್ಲ, "ಆವತ್ತು ಜೋರಾಗಿ ಹೊಡೆದಿದ್ರೆ ದಾರೀಲೇ ನಿಂತಿರ್ತಿದ್ವಿ" ಎಂದು ಅತ್ತೆಯೆದುರೇ ಹೇಳುತ್ತಿದ್ದರು. ಅದು ನಿಜವೇ ಇರಬಹುದು. ಎಂಜಿನ್ನಿನ ವಿಷಯದಲ್ಲಿ ಅವರು ತಪ್ಪಿದ್ದನ್ನು ನಾನು ಕಂಡಿಲ್ಲ.

ಅತ್ತೆ ಹೋಗಿ ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಮಾವನಿಗೆ ಎದೆ ಹಿಡಿಯಿತು. ನನ್ನ ಗಂಡ ಅಷ್ಟರಲ್ಲಿ ಹೊಸದುರ್ಗಕ್ಕೆ ವರ್ಗವಾಗಿ ಬಂದಿದ್ದರು. ಕಾರು ಶುರು ಮಾಡಿ, ಅಪ್ಪ ಕಲಿಸಿದ ಹಾಗೆಯೇ, ಬಿಸಿಯಾಗಲೆಂದು ಸುಮ್ಮನೆ ಕೂತರು. ಈಗ ನನ್ನ ತೊಡೆಯ ಮೇಲೆ ಮಾವನ ತಲೆ.

"ಲೇ, ಏನ್ ಕಾಯ್ತಾ ಕುಂತೀಯ? ಹೊರಡು!"

ಹೊಳಲ್ಕೆರೆ ಬಂದಾಗ ನನ್ನ ಕೈ ಬಿಗಿಯಾಗಿ ಹಿಡಿದರು. ಉಗುರಿನ ಸುತ್ತ ಅದೇ ಕಪ್ಪು ಗೆರೆ. "ಇನ್ನೂ ಜೋರಾಗಿ ಹೊಡಿ ಅನ್ನಮ್ಮ ಅವನಿಗೆ. ಎಂಜಿನ್ ತಡಿತೈತೆ."

ತಡೆಯಿತು. "ಸರಿಯಾದ ಹೊತ್ತಿಗೆ ಕರ್ಕೊಂಡ್ ಬಂದ್ರಿ" ಎಂದು ಡಾಕ್ಟರು ನನ್ನ ಗಂಡನ ಬೆನ್ನು ತಟ್ಟಿದರು. ಮಾವ ಆಮೇಲೂ ಎಷ್ಟೋ ದಿನ ಇದ್ದರು. ಕಾರು ಒರೆಸಿದರು, ಆಯಿಲ್ ಮೂಸಿದರು. ಒಂದು ಬೆಳಿಗ್ಗೆ ಏಳಲಿಲ್ಲ.

ವರ್ಷಾಂತಿಕ ಮುಗಿದ ಮೇಲೆ ಹೊರಕೆರೆದೇವಪುರದ ಕಡೆಯವರೊಬ್ಬರು ಕಾರು ಕೊಳ್ಳಲು ಬಂದರು. ಬೀಗದ ಕೈ ತಿರುಗಿಸಿದ ಕೂಡಲೇ ಅದು ಎದ್ದಿತು. "ಸಾಕಿದ್ರೆ ಹಿಂಗ್ ಸಾಕ್ಬೇಕು ನೋಡ್ರಿ!" ಎಂದು ಅವರು ತಲೆದೂಗಿದರು. ನಾನು ಡಿಕ್ಕಿಯಲ್ಲಿದ್ದ ಹಸಿರು ತುಂಡನ್ನು ತೆಗೆದುಕೊಂಡೆ. ಜರಿ ಕಪ್ಪಾಗಿತ್ತು.

"ಆ ಬಟ್ಟೆ ಅಲ್ಲೇ ಇರ್ಲಿ ಬಿಡಕ್ಕ, ಗಾಡಿ ಒರೆಸಾಕೆ ಬೇಕಾಗ್ತೈತೆ."

"ಇದು ಒರೆಸೋ ಬಟ್ಟೆ ಅಲ್ಲಪ್ಪ," ಎಂದೆ. "ನಮ್ಮತ್ತೆ ಸೀರೆ."