ತೋರಿಸದೆ ಉಳಿದ ಎರಡನೆಯ ಚಿತ್ರ

"ತೋರಿಸಿದೆ" ಎಂದೆ, ವಸಂತಣ್ಣ. ತೋರಿಸಿರಲಿಲ್ಲ. ಯಲ್ಲಪ್ಪನ ಕಿಡ್ನಿಯ ಎರಡನೆಯ ಚಿತ್ರ ನನ್ನ ಜೇಬಿನ ಸಿ.ಡಿ.ಯಲ್ಲೇ ಇತ್ತು. ಎರಡು ವರ್ಷ ನೀವು ನನ್ನ ಆ ಒಂದು ಮಾತನ್ನು ನಂಬಿದ್ದೀರಿ — ನಂಬಿ, ನಿಮ್ಮ ಕೆಲಸದಲ್ಲೇ ಊನವಿತ್ತು ಎಂದುಕೊಂಡಿದ್ದೀರಿ.

ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ.

ಇದನ್ನು ಬೇರೆಯವರೂ ಓದಬೇಕು, ಹಾಗಾಗಿ ನಿಮಗೆ ಗೊತ್ತಿರುವುದನ್ನೇ ಹೇಳುತ್ತೇನೆ. ಉಡುಪಿಯ ನಮ್ಮ ಆಸ್ಪತ್ರೆಯ ಸಿ.ಟಿ.ಯಲ್ಲಿ ಕಿಡ್ನಿಯ ಕಲ್ಲೆಂದರೆ ಬರೀ ಬಿಳಿ ಚುಕ್ಕೆ. ಅದು ಎಂಥ ಕಲ್ಲೆಂದು ತಿಳಿಯದು. ಸ್ಕ್ಯಾನ್ ಮಾಡುವ ನೀವು ಒಂದೇ ಜಾಗವನ್ನು ಎರಡು ಬೇರೆ ಶಕ್ತಿಯ ಎಕ್ಸ್‌ರೇಯಲ್ಲಿ, ಒಂದರ ಬೆನ್ನಿಗೆ ಒಂದು, ತೆಗೆಯತೊಡಗಿದಿರಿ. ಎರಡನ್ನೂ ಕಂಪ್ಯೂಟರ್ ಹೋಲಿಸಿದಾಗ ಯೂರಿಕ್ ಆಮ್ಲದ ಕಲ್ಲು ಕೆಂಪು, ಕ್ಯಾಲ್ಸಿಯಂ ಕಲ್ಲು ನೀಲಿ. ಕೆಂಪಾದರೆ ಔಷಧಿಯಲ್ಲೇ ಕರಗಿಸಲು ನೋಡಬಹುದು. ನೀಲಿಯಾದರೆ ಬೆನ್ನಿಗೆ ತೂತು ಕೊರೆದು ಕಲ್ಲು ತೆಗೆಯಬೇಕು.

ಆ ಚಿತ್ರಗಳನ್ನು ಓದಿ ವರದಿ ಬರೆಯುವ ಡಾಕ್ಟರಾದ ನಾನು ನಂಬಲಿಲ್ಲ. ಸಂಶಯ ತಪ್ಪಲ್ಲ, ಈಗಲೂ ವಾದಿಸುತ್ತೇನೆ. ಮಣಿಪಾಲದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಅದನ್ನೇ. ಆದರೆ ಇನ್ನೊಂದನ್ನೂ ಕಲಿಸಿದ್ದವು — ಎದುರಾಳಿಯ ಅತಿ ದುರ್ಬಲ ಮಾತನ್ನು ಎತ್ತಿ ಹಿಡಿ, ಉಳಿದದ್ದನ್ನು ಅವನು ಆಡಲೇ ಇಲ್ಲವೆಂಬಂತೆ ಇರು.

ಬಾಗಲಕೋಟೆ ಕಡೆಯ ಯಲ್ಲಪ್ಪ, ಕಟಪಾಡಿಯಲ್ಲಿ ಗಾರೆ ಕೆಲಸದವನು, ಮೊದಲ ಸಲ ಎರಡು ಸ್ಕ್ಯಾನಿನ ನಡುವೆ ಉಸಿರು ಬಿಟ್ಟ. ಕಿಡ್ನಿ ಜರುಗಿತು, ಕಲ್ಲು ಅರ್ಧ ಕೆಂಪು, ಅರ್ಧ ನೀಲಿ ಬಂತು. ನೀವು ಒಳಗೆ ಹೋಗಿ, ಅವನ ಪಕ್ಕ ನಿಂತು ಉಸಿರು ಹಿಡಿದಿಡುವ ಅಭ್ಯಾಸ ಮಾಡಿಸಿದಿರಿ.

"ನಗಾಡಬೇಡ ಮಾರಾಯ, ನೀನು ನಕ್ಕರೆ ಕಲ್ಲೂ ನಗಾಡ್ತದೆ."

"ನಿಮ್ಮ ಮಾರಿ ನೋಡಿದ್ರ ನಗಿ ಬರತೈತ್ರೀ."

ಆಮೇಲೆ ಕಲ್ಲಿದ್ದಷ್ಟೇ ಜಾಗವನ್ನು ಮತ್ತೆ ತೆಗೆದಿರಿ. ಇಡೀ ಕಲ್ಲು ಕೆಂಪು, ಅಂಚು ಸ್ಪಷ್ಟ. ನಿಮ್ಮ ಹಿಂದೆಯೇ ನಿಂತು ನೋಡಿದೆ. ಆಗ ಅನ್ನಿಸಿದ್ದು ರೋಗಿ ಬಚಾವಾದ ಎಂದಲ್ಲ, ನಾನು ಸೋತೆ ಎಂದು.

ಡಾಕ್ಟರುಗಳ ಸಭೆಗೆ ನಿಮ್ಮನ್ನು ಕರೆಯುವ ಪದ್ಧತಿ ಇರಲಿಲ್ಲ. ಚಿತ್ರ ಒಯ್ದವನು ನಾನು. ಮೊದಲನೆಯದನ್ನು ಮಾತ್ರ ಪರದೆಗೆ ಹಾಕಿದೆ. "ಇದು ಸ್ಕ್ಯಾನೋ, ಯಕ್ಷಗಾನದ ವೇಷವೋ?" ಎಂದೆ. ಸಭೆ ನಕ್ಕಿತು. ಆಪರೇಷನ್ ನಿಗದಿಯಾಯಿತು.

ಹೊರಗೆ ನೀವು ಕಾಯುತ್ತಿದ್ದಿರಿ. "ಎರಡನೆಯದು ತೋರಿಸಿದ್ರಾ ಡಾಕ್ಟ್ರೇ? ಎಂತ ಹೇಳಿದ್ರು?"

"ತೋರಿಸಿದೆ. ಅದು ಸಾಲದು ಅಂದ್ರು."

ಆಪರೇಷನ್ನಿಗೆ ಇನ್ನೂ ಮೂರು ದಿನವಿತ್ತು. ಸರ್ಜನ್ನರ ಕೋಣೆ ನಮ್ಮ ಮೇಲಿನ ಮಹಡಿಯಲ್ಲೇ. ಎರಡನೆಯ ದಿನ ಅವರ ಬಾಗಿಲಲ್ಲಿ ನಿಂತೆ, ಸಿ.ಡಿ. ಕೈಯಲ್ಲೇ ಇತ್ತು. "ಎಂತ, ಇನ್ನೊಂದು ಜೋಕುಂಟಾ?" ಎಂದು ಕೇಳಿದರು. "ಇಲ್ಲ ಸರ್" ಎಂದು ಇಳಿದುಬಂದೆ. ಮೂರನೆಯ ದಿನ ಮೆಟ್ಟಿಲನ್ನೂ ಹತ್ತಲಿಲ್ಲ.

ಆಪರೇಷನ್ನಾದ ಮೇಲೆ ರಕ್ತ ನಿಲ್ಲಲಿಲ್ಲ. ಮತ್ತೆ ಕೊಯ್ದರು. ಕೊನೆಗೆ ಆ ಕಿಡ್ನಿಯನ್ನೇ ತೆಗೆದರು. ಕಲ್ಲಿನ ಪರೀಕ್ಷೆಯ ವರದಿ ನನ್ನ ಮೇಜಿಗೆ ಬಂತು — ಪೂರ್ತಿ ಯೂರಿಕ್ ಆಮ್ಲ. ಫೈಲಿನ ಕೊನೆಯ ಹಾಳೆಯಾಗಿ ಸೇರಿಸಿ ಸುಮ್ಮನಾದೆ. ನೀವು ಆ ಸ್ಕ್ಯಾನನ್ನೇ ಬಿಟ್ಟಿರಿ. ಯಾರೋ ಕೇಳಿದಾಗ "ನನಗದು ಬರುದಿಲ್ಲ" ಎಂದಿರಿ. ನಾನು ಅಲ್ಲೇ ಇದ್ದೆ, ಕೇಳಿಸಿಕೊಂಡೆ...

ನಿನ್ನೆ ಕಟಪಾಡಿಗೆ ಹೋಗಿ ಯಲ್ಲಪ್ಪನಿಗೆ ಎಲ್ಲ ಹೇಳಿದೆ. ಭಾರ ಎತ್ತಲಾಗದೆ ಈಗ ಅವನು ಒಂದು ಕಟ್ಟಡದ ಕಾವಲಿಗಿದ್ದಾನೆ. ಎಲ್ಲ ಕೇಳಿ ಅವನೆಂದ, "ಹಂಗಾದ್ರ ನನ್ನ ಬೆನ್ನ ಯಾಕ ಕೊಯ್ಸಿದ್ರೀ ಸಾಹೇಬ್ರ?"

"ನಾನು ಗೆಲ್ಲಬೇಕಿತ್ತು."

"ಯಾರ ಮ್ಯಾಲ?"

ನಿಮ್ಮ ಹೆಸರು ಹೇಳಲು ಬಾಯಿ ತೆರೆದೆ, ವಸಂತಣ್ಣ. ಹೇಳದೆ ಎದ್ದುಬಂದೆ. ಗುರುವಾರದ ಸಭೆಯಲ್ಲಿ ಎರಡೂ ಚಿತ್ರ, ಆ ವರದಿ, ಎಲ್ಲವನ್ನೂ ಹಾಕಿ ಹೇಳುತ್ತೇನೆ. ನಿಮ್ಮನ್ನು ಒಳಗೆ ಕೂರಿಸಲು ಯಾರ ಅನುಮತಿಯನ್ನೂ ಕೇಳಿಲ್ಲ. ನೀವು ಬನ್ನಿ.