ಮಾರಾಟಕ್ಕಿಲ್ಲದ ಶರ್ಟು

ಮದುವೆ ಊಟದ ಪಂಕ್ತಿಯಲ್ಲಿ "ನೀವು ಕೂತುಕೊಳ್ಳಿ", "ಇಲ್ಲ, ನೀವು ಕೂತುಕೊಳ್ಳಿ" ಎಂದು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುತ್ತ, ಕೊನೆಗೆ ಇಬ್ಬರೂ ನಿಂತೇ ಇರುವ ಸಭ್ಯಸ್ಥರು ನಮ್ಮ ಕಡೆ ಧಾರಾಳವಾಗಿದ್ದಾರೆ. ಇದೇ ಜನರ ನೆತ್ತಿಯ ಮೇಲೆ "ಒಂದು ಕೊಂಡರೆ ಒಂದು ಉಚಿತ" ಎಂಬ ಬ್ಯಾನರ್ ಕಟ್ಟಿ ನೋಡಿ. ಅಲ್ಲಿಯವರೆಗೆ ಮಡಚಿಕೊಂಡು ಸುಮ್ಮನಿದ್ದ ಮೊಣಕೈಗಳಿಗೆ ಜೀವ ಬರುತ್ತದೆ. ನಾನೇನೋ ದೂರದಲ್ಲಿ ನಿಂತು ನೋಡಿದವನ ಹಾಗೆ ಹೇಳುತ್ತಿದ್ದೇನೆ, ನಂಬಬೇಡಿ. ಪ್ರತಿದಿನ ಬೆಳಿಗ್ಗೆ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಹೈಸ್ಕೂಲು ಮೇಷ್ಟ್ರು ನಾನು. ಕಳೆದ ದೀಪಾವಳಿಯ ಸೇಲಿನಲ್ಲಿ ಮೂಡುಬಿದಿರೆಯ ಬಟ್ಟೆ ಅಂಗಡಿಯೊಂದರ ಶಟರು ಮೊಣಕಾಲಿನಷ್ಟು ಮೇಲೇರಿದ್ದೇ ತಡ, ಬಗ್ಗಿ ಒಳಗೆ ನುಗ್ಗಿದವರಲ್ಲಿ ನಾನೂ ಒಬ್ಬ.

ನಿಜ ಹೇಳಬೇಕೆಂದರೆ ನಾವು ವೇಣೂರಿನಿಂದ ಹೊರಟದ್ದು ಸೇಲಿಗಾಗಿ ಅಲ್ಲ, ನನ್ನ ಅತ್ತೆಯ ಬೆಂಡೋಲೆಗಾಗಿ. ಬಂಟ್ವಾಳದಲ್ಲಿರುವ ಅತ್ತೆಗೆ ಮಾವನವರು ಮದುವೆಯಾದ ಹೊಸತರಲ್ಲಿ ಮಾಡಿಸಿಕೊಟ್ಟ ಓಲೆ ಅದು. ತಿರುಪು ಸವೆದು, ರಿಪೇರಿಗೆಂದು ಮೂಡುಬಿದಿರೆಯ ಅಕ್ಕಸಾಲಿಗರ ಹತ್ತಿರ ಕೊಟ್ಟಿದ್ದೆವು. ಮಾವನವರು ತೀರಿಕೊಂಡಾಗಲೂ ಅತ್ತೆ ಆ ಓಲೆಯನ್ನು ಕಿವಿಯಿಂದ ತೆಗೆಯಲಿಲ್ಲ, ತೆಗೆಯಿರಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಈಗ ದಿನಕ್ಕೊಮ್ಮೆ ಫೋನು: "ಹಬ್ಬಕ್ಕೆ ಸಿಗ್ತದಲ್ಲ? ಕಿವಿ ಖಾಲಿ ಖಾಲಿ ಆಗ್ತಾ ಉಂಟು."

ಅಕ್ಕಸಾಲಿಗರು ಓಲೆಗಳನ್ನು ಗುಲಾಬಿ ಬಣ್ಣದ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು. ಅಲ್ಲಿಂದ ನಾಲ್ಕು ಅಂಗಡಿ ದಾಟಿದರೆ ಸೇಲು. ನನ್ನ ಹೆಂಡತಿ ಶಾಲಿನಿ ದೂರದೃಷ್ಟಿಯವಳು. "ಇದು ನಿಮ್ಮ ಕಿಸೆಯಲ್ಲಿರಲಿ. ಈ ಗದ್ದಲದಲ್ಲಿ ನನ್ನ ಬ್ಯಾಗನ್ನು ಯಾರಾದರೂ ಎಳೆದಾರು" ಎಂದು ಪೊಟ್ಟಣವನ್ನು ನನ್ನ ಶರ್ಟಿನ ಕಿಸೆಗೆ ಹಾಕಿ, ಮೇಲಿಂದ ಒಮ್ಮೆ ತಟ್ಟಿದಳು.

ಒಳಗಿನ ದೃಶ್ಯವನ್ನು ಹೇಗೆ ವರ್ಣಿಸಲಿ? ಅಮೃತಕ್ಕಾಗಿ ಕಡಲು ಕಡೆದಾಗ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು ಎಂದು ಒಂದು ವ್ಯವಸ್ಥೆಯಾದರೂ ಇತ್ತು. ಇಲ್ಲಿ ಎಲ್ಲರೂ ಎಲ್ಲ ಕಡೆಯಿಂದಲೂ ಎಳೆಯುತ್ತಿದ್ದರು. ಮಹನೀಯರೊಬ್ಬರು ತೊಟ್ಟ ಶರ್ಟಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಹಾಕಿಕೊಂಡು ಹಲಸಿನ ಹಣ್ಣಿನಂತೆ ಊದಿದ್ದರು. ಏನು ಕೊಳ್ಳುವುದೆಂದು ತೀರ್ಮಾನವಾಗುವ ಮೊದಲೇ ಗಂಡಂದಿರನ್ನು ಬಿಲ್ಲಿನ ಸಾಲಿನಲ್ಲಿ ನಿಲ್ಲಿಸಲಾಗಿತ್ತು. ಮೂಲೆಯಲ್ಲಿ ಬಿಳಿ ಮುಂಡು ಉಟ್ಟ ಹಿರಿಯರೊಬ್ಬರು ಹಾಸುಬಟ್ಟೆಗಳ ದೊಡ್ಡ ರಾಶಿಗೆ ಒರಗಿ ಕೂತು, ಹತ್ತಿರ ಬಂದ ಕೈಗಳನ್ನೆಲ್ಲ "ಇದು ಆರಿಸಿ ಆಗಿದೆ, ಇದೂ ಆಗಿದೆ" ಎಂದು ಅಟ್ಟುತ್ತಿದ್ದರು. ಅವರನ್ನು ನೋಡಿ ನನಗೆ ನಗು ಬಂತು. ಆಗ ನನ್ನ ಕಂಕುಳಲ್ಲಿ ಐದು ಶರ್ಟುಗಳಿದ್ದವು.

ಅವುಗಳಲ್ಲಿ ಶಾಲಿನಿಗೆ ಮೆಚ್ಚುಗೆಯಾದದ್ದು ಒಂದೇ ಒಂದು, ಗಿಳಿಹಸಿರಿನದು. ಹಾಕಿ ನೋಡಲು ಟ್ರಯಲ್ ರೂಮಿಗೆ ಹೋದೆ. ಒಳಗೆ ಗೂಟವಿರಲಿಲ್ಲ. ನನ್ನ ನೀಲಿ ಗೆರೆಯ ಶರ್ಟನ್ನು ಬಿಚ್ಚಿ ಅರ್ಧ ಬಾಗಿಲಿನ ಮೇಲೆ ತೂಗುಹಾಕಿದೆ. ಗುಂಡಿ ಬಿಚ್ಚದೆ ಮೇಲಿಂದ ಎಳೆದುಕೊಂಡ ಗಿಳಿಹಸಿರು ತಲೆಯ ತನಕ ಬಂದು, ಮುಂದೆ ಹೋಗಲಾರೆ ಎಂದಿತು. ಒಳ್ಳೆಯ ಬಟ್ಟೆಯನ್ನು ಹರಿಯದಂತೆ ಕಳಚಿಕೊಳ್ಳುವುದು ನಿಧಾನದ ಕೆಲಸ. ಕೊನೆಗೆ ತಲೆ ಹೊರಬಂದು ಕಣ್ಣು ಬಿಟ್ಟಾಗ ಬಾಗಿಲು ಬೋಳಾಗಿತ್ತು.

ಬನಿಯನ್ನಿನಲ್ಲೇ ಹೊರಗೆ ಓಡಿದೆ. ನಮ್ಮ ವೇಣೂರಿನ ಗೊಮ್ಮಟ ಗೆದ್ದ ರಾಜ್ಯವನ್ನೂ ಉಟ್ಟ ಬಟ್ಟೆಯನ್ನೂ ತಾನಾಗಿ ಬಿಟ್ಟು ನಿಂತವನು. ಅದಕ್ಕೇ ಅವನ ಮುಖದಲ್ಲಿ ಆ ಶಾಂತಿ. ಬಟ್ಟೆ ತಾನಾಗಿ ಬಿಟ್ಟುಹೋದವನ ಮುಖ ಹಾಗಿರುವುದಿಲ್ಲ.

ಶರ್ಟು ಸಿಕ್ಕಿತು. ಮೇಜಿನ ಆಚೆ ಇಬ್ಬರು ಹೆಂಗಸರು ಒಂದೊಂದು ತೋಳು ಹಿಡಿದು ಎಳೆದಾಡುತ್ತಿದ್ದರು. ಒಬ್ಬರು ಬೆಳ್ತಂಗಡಿ ಕಡೆಯವರು, ಎತ್ತರದ ಆಳು, ಅದಕ್ಕೆ ತಕ್ಕ ಗಂಟಲು. ಇನ್ನೊಬ್ಬರು ಕನ್ನಡಕದ ಸಣ್ಣ ಹೆಂಗಸು, ಬಿಡುವ ಪೈಕಿಯವರಲ್ಲ.

"ಬಿಡಿ ಅಕ್ಕ, ಅದು ನನ್ನದು" ಎಂದೆ.

ಎತ್ತರದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲರೂ ಹಾಗೇ ಹೇಳುದು. ಮೊದಲು ಹಿಡಿದದ್ದು ನಾನು."

"ಹಿಡಿದದ್ದು ನೀವೇ ಇರಬಹುದು. ಹಾಕಿಕೊಂಡು ಬಂದದ್ದು ನಾನು ಮಾರಾಯ್ರೆ! ಕಾಲರು ನೋಡಿ."

ಇಬ್ಬರೂ ಕಾಲರು ನೋಡಿದರು. ಕನ್ನಡಕದವರು ಸ್ವಲ್ಪ ಮೂಸಿಯೂ ನೋಡಿದರು. "ಇಸ್ಸಿ!" ಎಂದು ಇಬ್ಬರೂ ಒಟ್ಟಿಗೇ ಕೈಬಿಟ್ಟರು. ನಾನು ಗೆದ್ದವನಂತೆ ಶರ್ಟು ಹಾಕಿಕೊಂಡು ಕಿಸೆ ತಟ್ಟಿದೆ. ಕಿಸೆ ಖಾಲಿ.

ಅಷ್ಟರಲ್ಲಿ ಶಾಲಿನಿ ಬಂದಳು. ನನ್ನ ಕೈ ಎದೆಯ ಮೇಲೆ ನಿಂತದ್ದನ್ನು ನೋಡಿಯೇ ಅವಳಿಗೆ ವಿಷಯ ತಿಳಿಯಿತು. "ಅಮ್ಮನ ಓಲೆ" ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ಸುಖವಿತ್ತು.

"ಎಂತ ಓಲೆ?" ಎಂದರು ಎತ್ತರದವರು.

ಹೇಳಿದೆವು. ವಿಧವೆ ಅತ್ತೆ, ಮಾವ ಮಾಡಿಸಿಕೊಟ್ಟದ್ದು, ಗುಲಾಬಿ ಕಾಗದ, ನಾಡಿದ್ದು ಹಬ್ಬ. ಅವರು ಪೂರ್ತಿ ಕೇಳಲೂ ಇಲ್ಲ. ಪಕ್ಕದ ಸ್ಟೂಲಿನ ಮೇಲೆ ಹತ್ತಿ, ಮೂರು ಮಹಡಿಗೂ ಕೇಳುವಂತೆ ತುಳುವಿನಲ್ಲಿ ಕೂಗಿದರು: "ಏರ್ಲಾ ಕಾರ್ ದೆರ್ಪೊಡ್ಚಿ!"

ಯಾರೂ ಕಾಲೆತ್ತಬೇಡಿ. ಇಪ್ಪತ್ತು ವರ್ಷ ಮೇಷ್ಟ್ರುಗಿರಿ ಮಾಡಿದ ನನಗೆ ಒಂದು ದಿನವೂ ಸಿಗದ ವಿಧೇಯತೆ ಆ ಹೆಂಗಸಿಗೆ ಒಂದೇ ಕೂಗಿಗೆ ಸಿಕ್ಕಿತು. ಅಂಗಡಿಗೆ ಅಂಗಡಿಯೇ ಕಾಲು ನೆಟ್ಟು ನಿಂತಿತು. ಚೌಕಾಶಿ ನಿಂತಿತು, ಬಿಲ್ಲು ಹೊಡೆಯುವುದು ನಿಂತಿತು. ವಿಷಯ ಬಾಯಿಂದ ಬಾಯಿಗೆ ಸಾಗಿತು. ನಿಂತಲ್ಲೇ ಬಗ್ಗಿ ಎಲ್ಲರೂ ತಮ್ಮ ತಮ್ಮ ಕಾಲಬುಡ ಹುಡುಕಿದರು. ಹಲಸಿನ ಹಣ್ಣಿನ ಮಹನೀಯರು ಬಗ್ಗಲಾರದೆ ಶರ್ಟುಗಳನ್ನು ಒಂದೊಂದಾಗಿ ಕಳಚಿಟ್ಟರು. ಯಾರೂ ಅವಕ್ಕೆ ಕೈಹಾಕಲಿಲ್ಲ. ಕನ್ನಡಕದ ಹೆಂಗಸು ಮೇಜಿನಡಿಗೆ ತೆವಳಿ ಹೋದರು.

ಎಲ್ಲೂ ಇಲ್ಲ. ಶಾಲಿನಿ ನನ್ನ ಖಾಲಿ ಕಿಸೆಯನ್ನು ಇನ್ನೊಮ್ಮೆ ತಡಕಿದಳು.

ಆಗ ಮೂಲೆಯಲ್ಲಿದ್ದ ಬಿಳಿ ಮುಂಡಿನ ಹಿರಿಯರು ಎದ್ದು ನಿಂತರು. ಬೆಳಗಿನಿಂದ ಯಾರ ದಬಾವಣೆಗೂ ಏಳದವರು. "ಬಟ್ಟೆಗಳನ್ನು ಈ ಬದಿಗೇ ಬಿಸಾಡ್ತಿದ್ದರು. ಇದರಲ್ಲಿ ಬಿದ್ದಿರಲಿಕ್ಕೂ ಸಾಕು" ಎಂದವರೇ, ತಾವು ಅಷ್ಟು ಹೊತ್ತು ಕಾದ ರಾಶಿಯಿಂದ ಒಂದೊಂದೇ ಹಾಸುಬಟ್ಟೆ ಎತ್ತಿ, ಬಿಡಿಸಿ, ಕೊಡವಿ ಎದುರಿದ್ದವರ ಕೈಗೆ ಕೊಡತೊಡಗಿದರು. ದೊಡ್ಡ ಹೂವಿನ ಹಾಸುಬಟ್ಟೆಯೊಂದನ್ನು ಕೊಡವಿದಾಗ ಗುಲಾಬಿ ಪೊಟ್ಟಣ ಟಪ್ಪೆಂದು ನೆಲಕ್ಕೆ ಬಿತ್ತು.

"ಬಿಚ್ಚಿ ನೋಡಿ! ಎರಡೂ ಉಂಟಾ?" ಎಂದರು ಸ್ಟೂಲಿನ ಮೇಲಿದ್ದವರು.

ಎರಡೂ ಇದ್ದವು. ಅಂಗಡಿಯಿಡೀ ಒಮ್ಮೆಲೇ ಉಸಿರು ಬಿಟ್ಟಿತು. ಗುರುತಿಲ್ಲದ ಯಾರೋ ಶಾಲಿನಿಯ ಬೆನ್ನು ಸವರಿದರು. ಮೇಜಿನಡಿಯಿಂದ ಧೂಳು ಮೆತ್ತಿಕೊಂಡು ಹೊರಬಂದ ಕನ್ನಡಕದವರು, "ದೇವರು ದೊಡ್ಡವನು" ಎಂದರು. ನಾನು ಪೊಟ್ಟಣವನ್ನು ಮತ್ತೆ ಕಟ್ಟಿ ಕಿಸೆಗೆ ಹಾಕಿ, ಮೇಲಿಂದ ಕೈ ಒತ್ತಿ ಹಿಡಿದೆ. ಇಂಥ ಜನರ ನಡುವೆ ಬದುಕಲು ಭಯವಿಲ್ಲ ಎಂದು ಮನಸ್ಸು ತುಂಬಿ ಬರುತ್ತಿರುವಾಗಲೇ, ಪೂರ್ತಿ ತುಂಬಲು ಬಿಡದೆ, ಬಿಲ್ಲಿನ ಸಾಲಿನಲ್ಲಿ "ಸಾಲು ಬಿಟ್ಟು ಎದುರು ಹೋಗ್ಬೇಡಿ ಅಣ್ಣ!" ಎಂಬ ಕೂಗೆದ್ದಿತು. ಮೊಣಕೈಗಳು ಮರಳಿ ಕೆಲಸಕ್ಕಿಳಿದವು. ಹಾಸುಬಟ್ಟೆ ಹಿಡಿದುಕೊಂಡು ನಿಂತಿದ್ದ ಕೈಗಳು ಅವುಗಳ ಸಮೇತ ಮಾಯವಾದವು.

ಹಿರಿಯರ ಬಳಿ ಉಳಿದದ್ದು ಎರಡೇ. ಹೋದವನ್ನು ಹುಡುಕಿ ತರಲು ನಾನು ಹೊರಟೆ.

"ಇರಲಿ ಮಾರಾಯ್ರೆ" ಎಂದರು ಅವರು, ಎರಡನ್ನೂ ಮಡಚುತ್ತ. "ನನಗೆ ಬೇಕಾದದ್ದೂ ಎರಡೇ. ಕಾದು ಕೂತು ಕೂತು, ಎಲ್ಲವೂ ನನ್ನದೇ ಅಂತ ಕಾಣ್ಲಿಕ್ಕೆ ಸುರುವಾಗಿತ್ತು."

ಸಂಜೆ ಬಂಟ್ವಾಳದಲ್ಲಿ ಅತ್ತೆ ಕನ್ನಡಿಯ ಮುಂದೆ ನಿಂತು ಓಲೆ ತಿರುಪಿಕೊಂಡರು. ತಲೆಯನ್ನು ಆಚೆ ಈಚೆ ತಿರುಗಿಸಿ, ಕಿವಿ ತುಂಬಿದ್ದನ್ನು ಮುಟ್ಟಿ ಖಚಿತ ಮಾಡಿಕೊಂಡರು. ನಡೆದದ್ದನ್ನೆಲ್ಲ ಆಮೇಲೆ ಹೇಳಿದೆವು. ಓಲೆ ಕಳೆದುಹೋದ ಭಾಗಕ್ಕೆ ಅವರು ಹೆದರಲೇ ಇಲ್ಲ, ಕಿವಿಯಲ್ಲೇ ಇತ್ತಲ್ಲ. ಅವರ ಚಿಂತೆ ಬೇರೆ.

"ಪಾಪ, ಆ ಎತ್ತರದ ಹೆಂಗಸಿಗೆ ಕೊನೆಗೆ ಶರ್ಟು ಸಿಕ್ಕಿತಾ?"

"ಸಿಕ್ಕಿತು. ಇವರಿಗೆ ಅಂತ ಆರಿಸಿದ ಗಿಳಿಹಸಿರು ಉಂಟಲ್ಲ, ಅದನ್ನೇ ಕೊಟ್ಟುಬಿಟ್ಟೆ" ಎಂದಳು ಶಾಲಿನಿ.

ಹಾಗಾಗಿ ಹಬ್ಬದ ದಿನ ನಾನು ಹಳೆಯ ನೀಲಿ ಗೆರೆಯದನ್ನೇ ಒಗೆದು, ಇಸ್ತ್ರಿ ಮಾಡಿ ತೊಟ್ಟೆ. ಬೇಸರವೇನೂ ಆಗಲಿಲ್ಲ. ಊರ ತುಂಬ ಹೊಸ ಶರ್ಟಿನವರಿದ್ದರು. ಅವರಲ್ಲಿ ಯಾರ ಶರ್ಟಿಗಾಗಿಯೂ ಇಬ್ಬರು ಹೆಂಗಸರು ಜಗಳವಾಡಿದ್ದು ನನಗೆ ತಿಳಿದಿಲ್ಲ.